ಕತ್ತಲಲ್ಲಿ ಜಿಗಿದ ಮಿಡತೆ

ಹೋದ ವಾರ ಮನೆಯ ಮಿಕ್ಸಿ ಕೆಟ್ಟಿತ್ತು. ಕೊಟ್ಟೂರಿನ ಬಜಾರದ ರಿಪೇರಿಯವನು ಅಂಗಡಿಯ ಕಟ್ಟೆಯ ಮೇಲೆ ಕೂತು ತಂತಿಗೆ ಬೆಸುಗೆ ಹಾಕುವಾಗ ರಾಳ ಸುಟ್ಟ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರಿನ ಹೈಸ್ಕೂಲಿನ ಪ್ರಯೋಗಶಾಲೆ ಕಣ್ಣ ಮುಂದೆ ಬಂತು. ಪ್ರಯೋಗಶಾಲೆ ಎಂದರೆ ಬೀಗ ಹಾಕದ ಒಂದು ಕಪಾಟು, ಕುಂಟುವ ಒಂದು ಬೆಂಚು. ಬೆಂಚಿನಾಚೆ ನಮ್ಮ ವಿಜ್ಞಾನದ ಮೇಷ್ಟ್ರು ಕಣ್ಣು ಕಿರಿದು ಮಾಡಿಕೊಂಡು ಸೀಸ ಕರಗಿಸುತ್ತಿದ್ದರು... ಅವರ ಹೆಸರು ಬರೆಯುವುದಿಲ್ಲ. ಬರೆಯಲು ಮನಸ್ಸಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಅಪ್ಪ ಹಗರಿಬೊಮ್ಮನಹಳ್ಳಿಯ ಅಡತಿ ಅಂಗಡಿಯೊಂದರಲ್ಲಿ ರೈತರ ಕಾಳಿನ ಮೂಟೆ ತೂಗುವ ಕೆಲಸ ಮಾಡುತ್ತಿದ್ದ. ಗುಂಡಿ ಸವೆದು ಮೂಲೆಗೆ ಬಿದ್ದ ಕ್ಯಾಲ್ಕುಲೇಟರುಗಳನ್ನು ಅಲ್ಲಿಂದ ಕೇಳಿ ತರುತ್ತಿದ್ದ. ಅವುಗಳ ನೆತ್ತಿಯ ಮೇಲಿನ ಸೋಲಾರ್ ಪಟ್ಟಿಗಳನ್ನು ಒಡೆಯದ ಹಾಗೆ ಬಿಡಿಸುವುದನ್ನು ಮೇಷ್ಟ್ರು ನನಗೆ ಕಲಿಸಿದರು. ಪಟ್ಟಿಗಳನ್ನು ಜೋಡಿಸಿ ಅಂಗೈಯಗಲದ ಫಲಕ ಮಾಡಿದೆವು. ಅದರಿಂದ ಬರುವ ಕರೆಂಟು ಮೋಟರನ್ನು ಅಲುಗಿಸುವುದಕ್ಕೂ ಸಾಲದು. ಅದಕ್ಕೇ ಮಧ್ಯೆ ಒಂದು ಕೆಪಾಸಿಟರ್. ತೊಟ್ಟು ತೊಟ್ಟಾಗಿ ಅಲ್ಲಿ ತುಂಬಿಕೊಳ್ಳಬೇಕು. ತುಂಬಿದ ಕೂಡಲೇ ಎರಡು ಟ್ರಾನ್ಸಿಸ್ಟರ್ ಸೇರಿ ಅಷ್ಟನ್ನೂ ಒಮ್ಮೆಲೇ ಮೋಟರಿಗೆ ಬಿಡಬೇಕು. ಮೋಟರು ಹಾಳಾದ ವಾಕ್‌ಮನ್ನಿನದು. ತಂತಿಯ ಕಾಲಿನ ಆ ಪುಟ್ಟ ರೋಬೋಟು ಬಿಸಿಲಿನಲ್ಲಿ ಸುಮ್ಮನೆ ಕೂತಿರುತ್ತಿತ್ತು, ಇದ್ದಕ್ಕಿದ್ದಂತೆ ಟಕ್ಕನೆ ಗೇಣುದ್ದ ಜಿಗಿದು ಮತ್ತೆ ಕೂರುತ್ತಿತ್ತು. ಅದಕ್ಕೆ ಮಿಡತೆ ಎಂದು ಹೆಸರಿಟ್ಟೆವು.

ಉಳಿದ ಮೇಷ್ಟ್ರುಗಳು ಹುಡುಗಿಯರಿಗೆ ಕಸ ಗುಡಿಸಲು, ನೀರು ತರಲು ಹೇಳುತ್ತಿದ್ದ ಕಾಲ. ಇವರು ನನ್ನ ಕೈಗೆ ಕಾದ ಬೆಸುಗೆ ಕಡ್ಡಿ ಕೊಟ್ಟರು. ಟ್ರಾನ್ಸಿಸ್ಟರಿನ ಕಾಲು ಅದಲುಬದಲು ಮಾಡಿ ಸುಟ್ಟುಹಾಕಿದಾಗಲೂ ಬೈಯಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಬಲು ಖಡಕ್ಕು. ಮೋಡ ಮುಸುಕಿದ ಒಂದು ದಿನ, ಒಂದು ಸೆಲ್ಲು ಹಾಕಿ ನೋಡೋಣವೇ ಎಂದು ಕೇಳಿದ್ದಕ್ಕೆ ಮುಖ ಗಂಟಿಕ್ಕಿದ್ದರು.

"ಸೆಲ್ಲು ಹಾಕಿದ್ರ ಆಟಗಿ ಸಾಮಾನು ಆಗ್ತೈತಿ. ಬಿಸಿಲಿನ ಮ್ಯಾಲೇ ನಡೀಬೇಕು. ಅದೇ ಇದರ ಮರ್ಯಾದಿ."

ನಾನು ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ. ಪಿಯುಸಿಗೆ ಸೈನ್ಸೇ ತಗೊಳ್ಳುತ್ತೇನೆಂದು ಮನೆಯಲ್ಲಿ ಹಟ ಹಿಡಿದೆ. ಮೇಷ್ಟ್ರು ಹೂಂ ಅಂದರೆ ತನ್ನದೇನೂ ತಕರಾರಿಲ್ಲ ಎಂದ ಅಪ್ಪ. ಅವರು ಹೂಂ ಅಂದಿದ್ದರು.

ಆ ವರ್ಷದ ವಿಜ್ಞಾನ ವಸ್ತುಪ್ರದರ್ಶನ ಹಡಗಲಿಯಲ್ಲಿತ್ತು. ಹೊರಡುವ ಮುಂಚೆ ಅವ್ವ ಮಿಡತೆಯನ್ನು ದೇವರ ಮುಂದಿಟ್ಟು ಊದುಬತ್ತಿ ಬೆಳಗಿದಳು. ಆಮೇಲೆ ಅದರ ಹಣೆ ಎಲ್ಲಿದೆ ಎಂದು ಹುಡುಕಿ, ಅಗಲವಾಗಿ ಕಂಡ ಫಲಕದ ಮೇಲೆಯೇ ಗಟ್ಟಿಯಾಗಿ ವಿಭೂತಿ ಎಳೆದಳು, ನಡುವೆ ಕುಂಕುಮ ಬೇರೆ. ನಗು ಬಂತು. ಅಲ್ಲಿ ಹೋಗಿ ಒರೆಸಿದರಾಯಿತು ಎಂದುಕೊಂಡೆ.

ಪ್ರದರ್ಶನವಿದ್ದದ್ದು ತಗಡಿನ ಶೆಡ್ಡಿನಲ್ಲಿ. ಸುತ್ತಲೂ ಶಾಮಿಯಾನದ ಬಟ್ಟೆ ಕಟ್ಟಿದ್ದರು. ಇದ್ದದ್ದು ಟ್ಯೂಬ್‌ಲೈಟಿನ ಬೆಳಕು, ಫಲಕದ ಮೇಲೆ ವಿಭೂತಿ, ಮಿಡತೆ ಅಲುಗಲಿಲ್ಲ. ಒರೆಸಲು ಕೈ ಚಾಚಿದೆ. ಜೊತೆಗೆ ಬಂದಿದ್ದ ಅಪ್ಪ ಕೈ ಹಿಡಿದ.

"ಪೂಜಿ ಮಾಡಿದ್ದನ್ನ ಒರಸ್ತಾರೇನವ್ವಾ?"

ಮೇಷ್ಟ್ರು ನಮ್ಮಿಬ್ಬರ ಮುಖ ನೋಡಿದರು. ಸ್ವಲ್ಪ ಬಿಸಿಲಿಗೆ ಹಿಡಿದು ತರುತ್ತೇನೆಂದು ಮಿಡತೆಯನ್ನು ಎತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಹೋದರು. ಬಂದು ಮೇಜಿನ ಮೇಲಿಟ್ಟರು. ಟಕ್ಕನೆ ಜಿಗಿಯಿತು! ಅಪ್ಪ ಎರಡೂ ಕೈ ಮುಗಿದ. ಅದು ಮತ್ತೆ ಜಿಗಿಯಿತು, ಮತ್ತೂ ಜಿಗಿಯಿತು. ಬಿಸಿಲಿನಲ್ಲಿ ತುಂಬಿದ ಕೆಪಾಸಿಟರ್ ಒಂದು ಜಿಗಿತಕ್ಕಷ್ಟೇ ಸಾಕಾಗುತ್ತದೆ. ಎರಡನೆಯದಕ್ಕೇ ನನಗೆ ಅನುಮಾನ ಬರಬೇಕಿತ್ತು. ಆದರೆ ಯಾರ ಮೇಲೆ ಅನುಮಾನ ಪಡುವುದು?

ತೀರ್ಪುಗಾರರು ಬಂದ ಹೊತ್ತಿಗೇ ಕರೆಂಟು ಹೋಯಿತು. ಪಕ್ಕದ ಮೇಜಿನ ಗಾಳಿಗಿರಣಿ ನಿಂತಿತು, ಅದರಾಚೆಯ ನೀರೆತ್ತುವ ಯಂತ್ರ ನಿಂತಿತು. ಆ ಮಬ್ಬುಗತ್ತಲಲ್ಲಿ ನನ್ನ ಮಿಡತೆ ಮಾತ್ರ ಟಕ್ ಅಂದಿತು. ಜನ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಆರಿದ ಟ್ಯೂಬ್‌ಲೈಟಿನತ್ತ ನೋಡಿದೆ. ಚಪ್ಪಾಳೆ ತಟ್ಟದ ಇನ್ನೊಬ್ಬರೆಂದರೆ ತೀರ್ಪುಗಾರರು, ಯಾವುದೋ ಕಾಲೇಜಿನ ಲೆಕ್ಚರರು. ಬೆಳಕಿಲ್ಲದೆ ಇದು ಹೇಗೆ ಜಿಗಿಯುತ್ತದೆ ಎಂದು ಕೇಳುತ್ತಲೇ ಮಿಡತೆಯನ್ನು ಎತ್ತಿ ಬೋರಲು ಹಾಕಿದರು. ಫಲಕದ ಕೆಳಗೆ ಕರಿ ಟೇಪು. ಟೇಪಿನೊಳಗೆ ಕೈಗಡಿಯಾರಕ್ಕೆ ಹಾಕುವ ಗುಂಡಿ ಸೆಲ್ಲುಗಳು. ಟೇಪಿನ ತುದಿಯನ್ನು ಬಿಚ್ಚಲು ಸುಲಭವಾಗಲೆಂದು ಒಳಕ್ಕೆ ಮಡಚಿದ್ದರು. ಹಾಗೆ ಮಡಚುವ ರೂಢಿ ನಮ್ಮ ಶಾಲೆಯಲ್ಲಿ ಒಬ್ಬರಿಗೇ ಇತ್ತು.

ನಾನು ಮೇಷ್ಟ್ರ ಮುಖ ನೋಡಿದೆ. ಅವರು ನನ್ನತ್ತ ನೋಡದೆ ಲೆಕ್ಚರರಿಗೆ ಹೇಳಿದರು.

"ನನಗ ಗೊತ್ತಿಲ್ರಿ ಸರ್. ಹುಡುಗಿ ಆಸಿಗೆ ಬಿದ್ದು ಹಾಕ್ಯಾಳ ಕಾಣ್ತೈತಿ. ಸಣ್ಣಾಕಿ ಅದಾಳ, ಬಿಟ್ಟುಬಿಡ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನನ್ನ ಪರವಾಗಿ ಕ್ಷಮೆ ಬೇಡಿದರಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನಾನು ಹಾಕಿಲ್ಲ ಎಂದು ಹೇಳಿದೆ. ಹೇಳಿದೆ ಅಂತಲೇ ನನ್ನ ನೆನಪು... ದನಿ ಹೊರಗೆ ಬಂದಿತ್ತೋ ಇಲ್ಲವೋ. ವಾಪಸ್ಸು ಬರುವ ಬಸ್ಸು ಊರು ಹತ್ತಿರ ಬಂದಾಗ ಅಪ್ಪ ಒಂದೇ ಮಾತು ಕೇಳಿದ.

"ಮೇಷ್ಟ್ರು ಯಾಕ ಸುಳ್ಳು ಹೇಳ್ತಾರವ್ವಾ?"

ಮುಂದಿನ ವಾರ ಮೇಷ್ಟ್ರು ಏನೂ ಆಗದವರಂತೆ ನನ್ನನ್ನು ಬೆಂಚಿನ ಹತ್ತಿರ ಕರೆದರು. ನಾನು ಹೋಗಲಿಲ್ಲ. ಪಿಯುಸಿಗೆ ಆರ್ಟ್ಸ್ ತಗೊಂಡೆ. ಯಾರೂ ಸೈನ್ಸ್ ಬೇಡ ಎನ್ನಲಿಲ್ಲ, ನನಗೇ ಬೇಡವಾಗಿತ್ತು.

ಎಷ್ಟೋ ವರ್ಷಗಳ ಮೇಲೆ, ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವರೇ ಗುರುತು ಹಿಡಿದು, ಬೆಸುಗೆಯಲ್ಲಿ ಇವಳಷ್ಟು ನಯವಾದ ಕೈ ಇನ್ನೊಬ್ಬರದು ನೋಡಿಲ್ಲ ಎಂದು ಹೆಂಡತಿಗೆ ಹೇಳಿದರು. ನಾನು ಕರಗಿಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಈಗ ಹೇಳುತ್ತಾರೆ, ಈಗಲಾದರೂ ಹೇಳುತ್ತಾರೆ ಎಂದು ಕಾದೆ. ಅವರ ಬಸ್ಸು ಬಂತು. ಹತ್ತುವ ಮುಂಚೆ ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು.

"ಆದ್ರೂ ಅವತ್ತು ನೀನು ಸೆಲ್ಲು ಹಾಕಬಾರದಿತ್ತವ್ವಾ."

ಅವರ ಕಣ್ಣಲ್ಲಿ ಕಳ್ಳತನ ಹುಡುಕಿದೆ. ಇರಲಿಲ್ಲ. ಅಷ್ಟು ವರ್ಷ ಹೇಳಿ ಹೇಳಿ ಅವರಿಗೇ ಅದು ನಿಜವಾಗಿಹೋಗಿತ್ತು.

ರಿಪೇರಿಯವನು ಮಿಕ್ಸಿ ಕೊಟ್ಟ. ಮನೆಗೆ ನಡೆದು ಬಂದೆ. ಮೇಷ್ಟ್ರು ಕಳೆದ ವರ್ಷ ತೀರಿಕೊಂಡರು. ಸುದ್ದಿ ತಿಳಿದ ದಿನ ಸಿಟ್ಟೂ ಬಂತು, ಅಳುವೂ ಬಂತು. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದಾನೆ, ಮೇಷ್ಟ್ರ ಮಾತನ್ನೇ ನಂಬಿಕೊಂಡು. ಆ ಸೆಲ್ಲು ನಾನು ಹಾಕಿದ್ದಲ್ಲ ಎಂದು ಗೊತ್ತಿದ್ದವರು ನಾನು, ಮೇಷ್ಟ್ರು ಇಬ್ಬರೇ. ಅವರು ಮೊದಲು ಮರೆತರು, ಆಮೇಲೆ ಹೋದರು.