ಬಟ್ಟೆಯ ಹಿಂಬದಿ

ಸರ್ಕಾರದ ಪ್ರಚಾರದ ಮೋಟಾರು ಹೊನ್ನಾವರಕ್ಕೆ ಸಿನಿಮಾ ತೋರಿಸಲು ಬಂದಾಗ ಅಣ್ಣನ ಕ್ರಿಯೆಗೆ ಒಂಬತ್ತು ದಿನ ಉಳಿದಿತ್ತು. ಅವನ ಹೆಣವನ್ನು ನಾವ್ಯಾರೂ ಕಂಡಿರಲಿಲ್ಲ. ರಂಗೂನಿನ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು, ಯುದ್ಧ ಹತ್ತಿರ ಬಂದಾಗ ಸಾವಿರಾರು ಜನರ ಜೊತೆ ಕಾಲ್ನಡಿಗೆಯಲ್ಲೇ ಊರಿಗೆ ಹೊರಟಿದ್ದ. ಎರಡು ವರ್ಷವಾದರೂ ಬರಲಿಲ್ಲ. ಅದೇ ದಾರಿಯಲ್ಲಿ ಬದುಕಿ ಬಂದ ಭಟ್ಕಳದ ವ್ಯಾಪಾರಿಯೊಬ್ಬರು, ಕಾಡಿನ ನಡುವೆ ಒಂದು ಹೊಳೆಯ ದಡದಲ್ಲಿ ಅವನು ಜ್ವರ ಬಂದು ಮಲಗಿದ್ದನ್ನು ಕಂಡೆ ಎಂದರು. ಆಮೇಲೆ ಏನಾಯಿತು ಎಂದು ನಮ್ಮನ್ನು ಹೆತ್ತ ಆಯಿ ಕೇಳಿದಳು. "ಆಮೇಲೆ ನಾವು ಮುಂದೆ ಬಂದ್ವಿ, ಅಮ್ಮ" ಎಂದು ತಲೆ ತಗ್ಗಿಸಿದರು.

ಹಿರಿಯರಿಗೆ ಅಷ್ಟು ಸಾಕಾಯಿತು. ಹೆಣ ಸಿಗದವರಿಗೆ ದರ್ಭೆಯ ಬೊಂಬೆ ಮಾಡಿ ಸುಡುವುದು ನಮ್ಮ ದೋಣಿ ಜನಕ್ಕೆ ಹೊಸದಲ್ಲ, ಕಡಲು ಎಲ್ಲರನ್ನೂ ಮರಳಿ ಕೊಡುವುದಿಲ್ಲವಲ್ಲ. ಆಯಿ ಅತ್ತು ಅತ್ತು ಕೊನೆಗೆ ಒಪ್ಪಿದಳು. "ತರ್ಪಣದ ನೀರಿಲ್ದೆ ಅಲೀತಾ ಇದ್ದ ನನ್ ಮಗ. ಅವಂಗೊಂದು ದಾರಿ ಆಗ್ಲಿ" ಎಂದಳು. ಒಪ್ಪದವಳು ಅತ್ತಿಗೆ ಒಬ್ಬಳೇ. ಬೊಂಬೆಗೆ ಬೆಂಕಿ ಇಟ್ಟ ದಿನವೇ ಅವಳ ಬಳೆ ಒಡೆಯುತ್ತಾರೆ, ಕುಂಕುಮ ಅಳಿಸುತ್ತಾರೆ. ಅವಳಿಗಾಗ ಇಪ್ಪತ್ತೆರಡು ವರ್ಷ.

ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿ ಕಲಿಸುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ ಎಂಬ ಜಂಬ ಬೇರೆ.

ಬಂದರಿನ ಬಯಲಿನಲ್ಲಿ ಎರಡು ಕಂಬ ನೆಟ್ಟು ಬಿಳಿ ಬಟ್ಟೆ ಬಿಗಿದಿದ್ದರು. ಎದುರಿಗೆ ಸಾಹೇಬರ ಕುರ್ಚಿಗಳು, ಅವುಗಳ ಹಿಂದೆ ಗಂಡಸರು. ಅವರ ನಡುವೆ ಹೆಂಗಸರು ಕೂರುವುದು ಚಂದವಲ್ಲವೆಂದು ನಮ್ಮನ್ನೆಲ್ಲ ಬಟ್ಟೆಯ ಹಿಂಬದಿಗೆ ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು, ಆದರೂ ಕೂತೆ. ಬಟ್ಟೆ ತೆಳುವಾಗಿದ್ದುದರಿಂದ ಚಿತ್ರ ಅಲ್ಲಿಗೂ ಕಾಣುತ್ತಿತ್ತು. ಮೊದಲು ಅಕ್ಷರಗಳು ಬಂದವು, ಎಲ್ಲ ತಿರುವುಮುರುವು. "ಓದಿ ಅಕ್ಕೋರೆ, ಎಂತ ಬರ್ದಿದ್ದು?" ಎಂದು ಮೀನು ಮಾರುವ ಹೆಂಗಸರು ಛೇಡಿಸಿದರು. "ನೆಟ್ಟಗಿದ್ರೆ ನೀವು ಓದ್ತಿದ್ರಾ?" ಎಂದೆ. ಎಲ್ಲರೂ ನಕ್ಕರು.

ಆಮೇಲೆ ಯಾರೂ ನಗಲಿಲ್ಲ. ಬರ್ಮಾದಿಂದ ನಡೆದು ಬಂದವರ ಚಿತ್ರ ಅದು. ಮೊಣಕಾಲು ಮುಳುಗುವ ಕೆಸರು, ತಲೆಯ ಮೇಲೆ ಟ್ರಂಕು, ಮುದುಕಿಯೊಬ್ಬಳನ್ನು ಸೀರೆಯ ಜೋಲಿಯಲ್ಲಿ ಹೊತ್ತ ಇಬ್ಬರು. ಅವರ ಹಿಂದೆ ಒಬ್ಬ, ತಲೆಯ ಮೇಲೆ ಗಂಟು, ನಮಗೆ ಬೆನ್ನು ಮಾಡಿ ಎಡಗಾಲು ಎಳೆಯುತ್ತಾ ಹೋಗುತ್ತಿದ್ದ. ಅಣ್ಣನದೂ ಎಡಗಾಲು. ದೋಣಿಯನ್ನು ದಡಕ್ಕೆ ಎಳೆಯುವಾಗ ಅಡಿಯಲ್ಲಿ ಹಾಕಿದ ದಿಮ್ಮಿ ಉರುಳಿ ಜಜ್ಜಿದ್ದು.

"ಅವ್ರು!" ಎಂದು ಅತ್ತಿಗೆ ಎದ್ದು ಓಡಿ ಬಟ್ಟೆಯ ಮೇಲೆ ಕೈಯಿಟ್ಟಳು. ಪರದೆ ಅಲುಗಾಡಿತು. ಯಾರಪ್ಪಾ ಅದು ಎಂದು ಎದುರಿನಿಂದ ಗಂಡಸರು ಬೈದರು. ನಾನೂ ಕಂಡಿದ್ದೆ, ನನಗೂ ಅವನೇ ಅನ್ನಿಸಿತ್ತು. ಆ ರಾತ್ರಿ ನಾವಿಬ್ಬರೂ ಅಪ್ಪಿಕೊಂಡು ಅತ್ತದ್ದು ಸಂತೋಷಕ್ಕೆ.

ಹೆಂಗಸರ ಮಾತಿಗೆ ಹಿರಿಯರು ತಕ್ಷಣ ತಲೆದೂಗುವವರೇ? ಮರುದಿನ ಅದೇ ಮೋಟಾರು ಕುಮಟೆಗೆ ಹೋಗುವುದಿತ್ತು. "ಇನ್ನೊಂದ್ಸಲ ಸಮಾ ನೋಡ್ಕೊಂಡು ಬನ್ನಿ. ಅಕ್ಕೋರು ಹೌದು ಅಂದ್ರೆ ಆತು, ಕ್ರಿಯೆ ನಿಲ್ಸುವ" ಎಂದರು ದೊಡ್ಡಪ್ಪ.

ಕುಮಟೆಯಲ್ಲಿ ಹೆಂಗಸರಿಗೆ ಎದುರಿಗೇ ಒಂದು ಬದಿಯಲ್ಲಿ ಹಗ್ಗ ಕಟ್ಟಿ ಜಾಗ ಬಿಟ್ಟಿದ್ದರು. ಅಕ್ಷರಗಳು ನೆಟ್ಟಗೆ ಬಂದವು. ನಾನು ಓದಿ ಹೇಳಿದೆ. ಕೆಸರು ಬಂತು, ಟ್ರಂಕು ಬಂತು, ಜೋಲಿಯ ಮುದುಕಿ ಬಂದಳು. ಅವಳ ಹಿಂದೆ ಅವನು ಬಂದ, ಬಲಗಾಲು ಎಳೆಯುತ್ತಾ.

ಹಿಂಬದಿಯಿಂದ ಅಕ್ಷರ ತಿರುಗಿದರೆ ಮನುಷ್ಯರೂ ತಿರುಗುತ್ತಾರೆ ಎಂಬುದು ಮಕ್ಕಳಿಗೆ ಪಾಠ ಹೇಳುವ ನನ್ನ ತಲೆಗೆ ಹೊಳೆದಿರಲಿಲ್ಲ. ಅತ್ತಿಗೆ ನನ್ನ ಕೈ ಹಿಡಿದಿದ್ದಳು. ಆ ಹಿಡಿತ ಸಡಿಲವಾಯಿತು. ಅವಳಿಗೂ ತಿಳಿಯಿತು ಎಂದು ನನಗೆ ತಿಳಿಯಿತು.

"ಅತ್ತೆಗೆ ಹೇಳ್ಬೇಡ, ತಂಗಿ" ಎಂದಳು.

ನನಗೆ ಸಿಟ್ಟು ಬಂತು. "ಎಂತ, ನನ್ ಬಾಯಲ್ಲಿ ಸುಳ್ಳು ಹೇಳಿಸ್ತ್ಯಾ?"

"ಇವ ಅವ್ರಲ್ಲ ಅಂದ್ರೆ ಅವ್ರು ಸತ್ರು ಅಂತ ಆತಾ?"

ಚಿತ್ರ ಮುಗಿಯುವ ಮೊದಲೇ ಇಬ್ಬರೂ ಎದ್ದು ಹೊರಟೆವು.

ಮನೆ ಮುಟ್ಟಿದಾಗ ಆಯಿ ಹೊಸ್ತಿಲಲ್ಲೇ ನಿಂತಿದ್ದಳು. ಅತ್ತಿಗೆಯ ಮುಖ ನೋಡದೆ ನನ್ನನ್ನೇ ಕೇಳಿದಳು. "ಅವನೇ ಹೌದು, ಆಯಿ" ಎಂದೆ. ಕ್ರಿಯೆಗೆ ಕರೆದಿದ್ದ ಭಟ್ಟರಿಗೆ ಬರುವುದು ಬೇಡವೆಂದು ಹೇಳಿ ಕಳಿಸಿದರು. ಅತ್ತಿಗೆಯ ಬಳೆ ಉಳಿಯಿತು.

ಆಯಿಯ ಸಮಾಧಾನ ಮಾತ್ರ ಹೋಯಿತು. ಮಗ ಸತ್ತನೆಂದು ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡವಳು, ಈಗ ದಿನವೂ ಸಂಜೆ ಶರಾವತಿಯ ದಡಕ್ಕೆ ಹೋಗಿ ಕಡೆಯ ದೋಣಿ ಬರುವವರೆಗೆ ನಿಲ್ಲುತ್ತಿದ್ದಳು. ಹುರಿದ ಬಂಗಡೆ ಮೀನಿನಲ್ಲಿ ಒಂದನ್ನು ಅವನಿಗೆಂದು ತೆಗೆದಿಟ್ಟು ಬೆಳಿಗ್ಗೆ ಬೆಕ್ಕಿಗೆ ಹಾಕುತ್ತಿದ್ದಳು. ಯುದ್ಧ ಮುಗಿಯಿತು, ಸ್ವಾತಂತ್ರ್ಯವೂ ಬಂತು. ಬರಬೇಕಾದವರೆಲ್ಲ ಬಂದು ಮುಗಿದಿತ್ತು. ನಿಜ ಹೇಳಿಬಿಡೋಣ ಎಂದು ಎಷ್ಟು ಸಲ ಬಾಯಿ ತೆರೆದೆನೋ! ಅತ್ತಿಗೆಯ ಹಣೆಯ ಕುಂಕುಮ ಕಂಡಾಗ ಬಾಯಿ ಮುಚ್ಚುತ್ತಿತ್ತು. ನನ್ನ ಆಯಿಯ ಗೋಳು ನನ್ನ ಕೈಯಾರೆ ಮಾಡಿದ್ದು, ಅದಕ್ಕೆ ಬೇರೆ ಹೆಸರಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಆಯಿ ಹಾಸಿಗೆ ಹಿಡಿದಳು. "ನಂಗೆ ಬೆಂಕಿ ಅವನೇ ಇಡ್ಬೇಕು. ಬತ್ತ ಅವ. ಕಾಯ್ರಿ" ಎಂದದ್ದೇ ಕೊನೆಯ ಮಾತು.

ಒಬ್ಬನೇ ಮಗ, ಬದುಕಿದ್ದಾನೆ ಎಂದ ಮೇಲೆ ಬೇರೆಯವರು ಬೆಂಕಿ ಇಡುವುದು ಹೇಗೆ? ದೊಡ್ಡಪ್ಪ ತಾರಿನ ಫಾರಂ ತಂದು ನನ್ನ ಮುಂದೆ ಹಿಡಿದರು. "ನೀನೇ ಅಲ್ದಾ ಕಂಡದ್ದು. ಎಲ್ಲಿಗೆ ತಾರು ಮಾಡುದು, ಬರಿ."

ಅತ್ತಿಗೆಯ ಕಡೆ ನೋಡಿದೆ. ಅವಳು ಆಯಿಯ ಕಾಲ ಬಳಿ ಕೂತು ನೆಲ ನೋಡುತ್ತಿದ್ದಳು. ನಾನು ಪೆನ್ಸಿಲು ತೆಗೆದುಕೊಂಡು, ನನಗೆ ಗೊತ್ತಿದ್ದ ಒಂದೇ ವಿಳಾಸ, ರಂಗೂನಿನ ಆ ಮಿಲ್ಲಿನದು, ಬರೆದೆ. ಬಾಂಬು ಬಿದ್ದು ಅದು ಎಂದೋ ಸುಟ್ಟುಹೋದದ್ದು ನನಗೆ ಗೊತ್ತಿತ್ತು. ಅಲ್ಲಿಂದ ಉತ್ತರ ಬರುತ್ತದೆಂದು ಆಯಿಯ ಹೆಣವನ್ನು ಮರುದಿನ ಮಧ್ಯಾಹ್ನದವರೆಗೆ ಇಟ್ಟುಕೊಂಡು ಕಾದರು.