ಹತ್ತಿಕೈಯವಳ ಹೆಸರಿನಲ್ಲಿ ಬಂದ ಮೆಸೇಜು

ನನ್ನ ಗಂಡನಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ನರ್ಸಮ್ಮ ಹೇಳಿದರು: "ಇವರನ್ನ ನೋಡ್ಕೊಳ್ಳೋದು ನಿಮ್ಮೊಬ್ಬರ ಕೈಲಿ ಆಗಲ್ಲ. ಹತ್ತಿಕೈಯವಳು ಅಂತ ಒಬ್ಬ ಆಯಾ ಇದಾಳೆ, ಕರೆಸಿ." ಅವಳ ವಿಷಯ ನಾನು ಮೊದಲು ಕೇಳಿದ್ದು ಅಂದು.

ಹೆಸರಿಗೆ ತಕ್ಕ ಕೈ, ಹತ್ತಿಯಷ್ಟು ಮೆತ್ತಗೆ. ಬಂದವಳೇ ತೋಳು ಮಡಚಿ ಇವರ ಮಲ ಬಳಿದಳು, ಮೂಗು ಮುರಿಯಲಿಲ್ಲ. ಇವರು ನಾಚಿ ಆಚೆ ತಿರುಗಿದರೆ, "ಯಾಕಣ್ಣ, ಗೋಡೇಲಿ ಸಿನಿಮಾ ತೋರಿಸ್ತಿದಾರಾ?" ಎಂದು ನಗಿಸುತ್ತಿದ್ದಳು. ಇವರು ತೀರಿಕೊಂಡ ಮೇಲೂ ಅಕ್ಕ, ಅಕ್ಕ ಎಂದು ಬಂದು ಹೋಗುತ್ತಿದ್ದಳು.

ಆಸ್ಪತ್ರೆಯಲ್ಲಿ ಕಲಿತ ಅಭ್ಯಾಸವೊಂದು ಅವಳಿಗಿತ್ತು. ಫೋನಿನಲ್ಲಿ ಅವಸರದ ದನಿ ನಂಬರು ಕೇಳಿದರೆ, ಅದು ಹಾಸಿಗೆಯದೋ ರಕ್ತದ ಬಾಟಲಿಯದೋ, ಯಾರು ಏನು ಎನ್ನದೆ ಹೇಳಿಬಿಡುವುದು. ತಡ ಮಾಡಿದರೆ ಒಂದು ಜೀವ ಹೋದೀತು. ಅದೇ ಅವಳಿಗೆ ಮುಳುವಾಯಿತು. "ನಿಮ್ಮ ಫೋನು ಇವತ್ತೇ ಬಂದ್ ಆಗುತ್ತೆ, ಈಗ ಮೆಸೇಜಲ್ಲಿ ಬಂದಿರೋ ನಂಬರು ಬೇಗ ಹೇಳಿ" ಎಂದಿತು ಒಂದು ದನಿ. ಹೇಳಿದಳು. ಅಷ್ಟು ಸಿಕ್ಕಿದ್ದೇ ತಡ, ಕಳ್ಳರು ಅವಳ ಮೆಸೇಜಿನ ಖಾತೆಯನ್ನೇ ಕಸಿದುಕೊಂಡರು. ಅವಳು ದುಡಿದ ಮನೆಗಳಿಗೆಲ್ಲ ಅವಳ ಫೋಟೋದ ಕೆಳಗೇ ಬರೆದರು: ಆಸ್ಪತ್ರೆಯಲ್ಲಿದ್ದೇನೆ, ದುಡ್ಡು ಕಳಿಸಿ.

ನನಗೂ ಬಂತು. ಅಕ್ಷರ ಕೂಡಿಸಿ ಓದುವವಳು ನಾನು, ಹೊತ್ತು ಹಿಡಿಯಿತು. ಅದೇ ಒಳ್ಳೆಯದಾಯಿತು. ನನ್ನನ್ನು ಮೇಡಂ ಎಂದು ಕರೆದಿತ್ತು. ಅವಳು ಜನ್ಮದಲ್ಲಿ ಹಾಗೆ ಕರೆದವಳಲ್ಲ. ಫೋನು ಮಾಡಿದೆ.

"ಏನೇ, ಆಸ್ಪತ್ರೆ ಸೇರಿದೀಯಂತೆ?"

"ಯಾರಕ್ಕ ಹೇಳಿದ್ದು? ನಾನಿಲ್ಲಿ ಅಜ್ಜಿ ಹೊದಿಕೆ ಒಗೀತಿದೀನಿ."

ಅಜ್ಜಿಯೆಂದರೆ ನಮ್ಮ ಬೀದಿಯ ಕೊನೆಯಲ್ಲಿರುವ ವಕೀಲರ ತಾಯಿ, ಹಾಸಿಗೆ ಹಿಡಿದವರು. ವಕೀಲರು ಆಗಲೇ ಕಚೇರಿಯಲ್ಲಿ ಕೂತು ದುಡ್ಡು ಕಳಿಸಿಯಾಗಿತ್ತು. ಸ್ವಂತ ಮನೆಗೊಂದು ಫೋನು ಮಾಡಿ, ಆಯಾ ಇದ್ದಾಳೆಯೇ ಎಂದು ಕೇಳಲಿಲ್ಲ. ಸಂಜೆ ಬಂದು, ತಮ್ಮ ಪೆದ್ದುತನವನ್ನು ಅವಳ ತಲೆಗೆ ಕಟ್ಟಿದರು. "ಕಳ್ಳರ ಹತ್ರ ನಿನ್ನ ಪಾಲೆಷ್ಟು?" ಎಂದು ಕೇಳಿ, ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ನಾನೇ ಹೋಗಿ ನಡೆದದ್ದು ಹೇಳಿದೆ. "ನಿಮಗೆ ಇವೆಲ್ಲ ಗೊತ್ತಾಗಲ್ಲಮ್ಮ" ಎಂದರು. ಮಾತು ಬಾಯಿಂದ ಬಾಯಿಗೆ ಹೋಗಿ, ಮಿಕ್ಕ ಮನೆಯವರೂ ಅವಳನ್ನು ಕರೆಯುವುದು ಬಿಟ್ಟರು.

ವರ್ಷಗಟ್ಟಲೆ ರೋಗಿಯ ಬಟ್ಟೆ ಒಗೆದಿದ್ದೇನೆ, ಹೇಸಿಗೆಯೆನಿಸಿರಲಿಲ್ಲ. ಇದಕ್ಕೆ ಎನಿಸಿತು. ಮಲವಾದರೆ ನೀರು ಹೊಯ್ದರೆ ಹೋಗುತ್ತದೆ. ಇನ್ನೊಬ್ಬರ ಮುಖ ಹೊತ್ತು ಮನೆಮನೆ ತಿರಿಯುವವರ ಕೈ ಯಾವ ಸೋಪಿಗೆ ಶುದ್ಧವಾದೀತು? ಅವರನ್ನು ಬಿಟ್ಟು, ಹೆತ್ತತಾಯಿಯ ಮೈ ತೊಳೆದವಳನ್ನು ಕಳ್ಳಿ ಎಂದ ಬಾಯಿಯನ್ನು ನೆನೆದರೆ ಈಗಲೂ ಅನ್ನ ಸೇರುವುದಿಲ್ಲ.

ಕೆಲಸವಿಲ್ಲದೆ ತನ್ನ ತಂಗಿಯ ಊರಿಗೆ ಹೊರಟ ದಿನ ಅವಳು ಚೀಲ ಹಿಡಿದು ನಮ್ಮ ಮನೆಗೆ ಬಂದಳು. "ಬುದ್ಧಿ ಬಂತಕ್ಕ. ಇನ್ಮೇಲೆ ಯಾವನು ನಂಬರು ಕೇಳಿದ್ರೂ ಫೋನು ಇಟ್ಟುಬಿಡ್ತೀನಿ" ಎಂದಳು. ಮೆಟ್ಟಿಲಿಳಿದವಳು ತಿರುಗಿ ನಿಂತಳು.

"ಅಕ್ಕ, ವಕೀಲರು ನನ್ನ ಫೋನು ಎತ್ತಲ್ಲ. ಅಜ್ಜೀನ ಬಲಗಡೆ ಮಲಗಿಸಬೇಡಿ ಅಂತ ಹೇಳ್ತೀರಾ? ಸೊಂಟದ ಹತ್ರ ಹುಣ್ಣು ಏಳ್ತಿದೆ. ನನ್ನ ಹೆಸರು ಎತ್ತಬೇಡಿ, ಎತ್ತಿದ್ರೆ ನಂಬಲ್ಲ. ನೀವೇ ನೋಡಿದ್ದು ಅಂತ ಹೇಳಿ."