ಮೋಮೋಗೆ ಮೂಗಿಟ್ಟ ಅಜ್ಜಿ

ಸಂಜೆ ಐದು ಗಂಟೆ ಹತ್ತು ನಿಮಿಷ. ಅಡುಗೆಮನೆಯ ಗಡಿಯಾರದ ಮುಳ್ಳುಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಕುಕ್ಕರಿನಿಂದ ಆವಿ ಬರಬೇಕಿತ್ತು, ಬರುತ್ತಿರಲಿಲ್ಲ.

ಆ ದಿನಗಳಲ್ಲಿ ಮೈಸೂರಿನಲ್ಲಿ ಬೀದಿಗೊಂದು ಮೋಮೋ ಗಾಡಿ ಇರಲಿಲ್ಲ. ಸರಸ್ವತಿಪುರಂನ ನಮ್ಮ ಮನೆಗೆ ಮೋಮೋ ತಂದವಳು ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಡೋಲ್ಮಾ ಅಕ್ಕ. ಬೈಲಕುಪ್ಪೆಯ ಟಿಬೆಟನ್ ಹುಡುಗಿ, ಇಲ್ಲಿ ಬಿ.ಎಸ್ಸಿ. ಓದುತ್ತಿದ್ದಳು, ಕನ್ನಡ ನಮ್ಮಷ್ಟೇ ಸಲೀಸು. ಅವರ ಹೊಸ ವರ್ಷಕ್ಕೆ ಊರಿಗೆ ಹೋಗಲು ಪರೀಕ್ಷೆ ಅಡ್ಡ ಬಂದಿತ್ತು. ಮುಖ ಸಣ್ಣಗೆ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತವಳನ್ನು ನೋಡಿ ಅಜ್ಜಿ, ನಿಮ್ಮನೆಯಲ್ಲಿ ಮಾಡುವುದನ್ನು ಇಲ್ಲೇ ಮಾಡೋಣ, ಮಾಂಸ ಇರದಿದ್ದರೆ ಸಾಕು ಅಂದರು.

ಉಪ್ಪು ಬೆರೆಸಿದ ಎಲೆಕೋಸನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುವುದು ಒಂಬತ್ತು ವರ್ಷದ ನನ್ನ ಕೆಲಸ. ಮೊಣಕೈವರೆಗೂ ನೀರಿಳಿದು, ಹಸಿಶುಂಠಿಯ ವಾಸನೆ ಫ್ರಾಕಿಗೆಲ್ಲ ಹತ್ತಿತ್ತು. ಡೋಲ್ಮಾ ಅಕ್ಕ ಮೈದಾಹಿಟ್ಟಿನ ಹಾಳೆಯ ಅಂಚನ್ನು ಮಡಿಸುತ್ತ ಹೋದರೆ ಲಂಗದ ನೆರಿಗೆಯಂತೆ ಕೂರುತ್ತಿತ್ತು. ನನ್ನವು ಬಾಯಿ ಬಿಟ್ಟುಕೊಂಡವು.

ಅಜ್ಜಿ ಕನ್ನಡಕ ಏರಿಸಿ ನೋಡಿದರು. "ಇದು ನಮ್ಮ ಕಡುಬೇ ಕಣೇ. ಬೆಲ್ಲ ಮರ್ತಿದ್ದೀರಿ, ಅಷ್ಟೇ."

"ಹಂಗಾದ್ರೆ ನೀವೊಂದು ಮಾಡಿ ತೋರ್ಸಿ, ಅಜ್ಜಿ," ಅಂದಳು ಡೋಲ್ಮಾ ಅಕ್ಕ.

ಅಜ್ಜಿ ಬಿಡುವವರಲ್ಲ. ಗಣಪತಿಯ ಮೋದಕದಂತೆ ಉದ್ದನೆಯ ತುದಿ ಎಳೆದು, ನನಗೆಂದೇ ದೊಡ್ಡದೊಂದು ಮಾಡಿದರು. ಮೋಮೋಗೆ ಮೂಗಿರುವುದನ್ನು ಇದೇ ಮೊದಲು ನೋಡಿದ್ದು ಎಂದು ಡೋಲ್ಮಾ ಅಕ್ಕ ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಇಡ್ಲಿ ತಟ್ಟೆಗಳಲ್ಲಿ ಜೋಡಿಸಿ, ಇಡ್ಲಿ ಬೇಯಿಸುವ ಹಾಗೆಯೇ ವೆಯ್ಟ್ ಹಾಕದೆ ಕುಕ್ಕರ್ ಮುಚ್ಚಿದೆವು. ಮೂಗಿನದು ಮೇಲಿನ ತಟ್ಟೆಯಲ್ಲಿ, ಮುಚ್ಚಳದ ತೂತಿನ ನೇರಕ್ಕೇ ಕೂತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಆವಿ ಬರಲಿಲ್ಲ. ಅಜ್ಜಿ ಉರಿ ಜೋರು ಮಾಡಿದರು. ಆಗಲೂ ಇಲ್ಲ. ನೀರು ಹಾಕುವುದನ್ನೇ ಮರೆತೆನೋ ಎಂದು ಬಗ್ಗಿ ಮುಚ್ಚಳದ ಹಿಡಿಗೆ ಕೈ ಹಾಕಿದರು.

"ಅಜ್ಜಿ, ಮುಟ್ಬೇಡಿ."

ಡೋಲ್ಮಾ ಅಕ್ಕನ ದನಿ ಏರಿರಲಿಲ್ಲ. ಒಲೆ ಆರಿಸಿ, ನಮ್ಮಿಬ್ಬರ ರಟ್ಟೆ ಹಿಡಿದು ಬಾಗಿಲಾಚೆ ಎಳೆದಳು. ಅಷ್ಟರಲ್ಲಿ ಕುಕ್ಕರಿನ ಸೇಫ್ಟಿ ವಾಲ್ವ್ ಸಿಡಿಯಿತು. ಬಿಳಿ ಆವಿ ಸೂರಿಗೆ ಬಡಿಯಿತು. ಒಂದು ಕ್ಷಣದ ಹಿಂದೆ ಅಜ್ಜಿಯ ಮುಖ ಇದ್ದದ್ದು ಅಲ್ಲೇ.

ಆರಿದ ಮೇಲೆ ತೆರೆದರೆ, ಆ ಮೂಗು ತೂತಿನೊಳಗೆ ಬಿರಡೆಯಂತೆ ಕೂತಿತ್ತು. ಉಳಿದವೆಲ್ಲ ಬೆಂದಿದ್ದವು. ನಡುಮನೆಯ ನೆಲದ ಮೇಲೆ ಕೂತು ಟೊಮೇಟೊ ಚಟ್ನಿ ನೆಂಚಿಕೊಂಡು ತಿಂದೆವು. ಅಜ್ಜಿ ಆ ಮೂಗನ್ನು ಬೆರಳಲ್ಲಿ ಎತ್ತಿ ಹಿಡಿದರು. "ಎಲ್ಲದ್ರಲ್ಲೂ ಮೂಗು ತೂರ್ಸೋ ಬುದ್ಧಿ ನಂದು. ಮೋಮೋಗೂ ಬಂದ್ಬುಡ್ತು," ಅಂದರು.

ನಗಿಸಿದರೇನೋ ನಿಜ, ಮಾರನೆಯ ದಿನದಿಂದ ಒಲೆ ಮುಟ್ಟುವುದನ್ನೇ ಬಿಟ್ಟರು. ಬೆಳಗಿನ ಕಾಫಿಯನ್ನೂ ಅಮ್ಮನೇ ಮಾಡಿಕೊಡಬೇಕಾಯಿತು. ಇರುಳಲ್ಲಿ ನಾನೂ ಅಜ್ಜಿಯೂ ಇಲ್ಲದ ಸದ್ದಿಗೆ ಬೆಚ್ಚಿ ಎದ್ದು ಕೂರುತ್ತಿದ್ದೆವು.

ಪರೀಕ್ಷೆ ಮುಗಿಸಿ ಊರಿಗೆ ಹೋದ ಡೋಲ್ಮಾ ಅಕ್ಕ ಒಂದು ಭಾನುವಾರ ಮೂರಂತಸ್ತಿನ ಅಲ್ಯೂಮಿನಿಯಂ ಪಾತ್ರೆ ಹೊತ್ತು ಬಂದಳು. ತೂತು ತೂತಿನ ತಟ್ಟೆಗಳು, ಸುಮ್ಮನೆ ಮೇಲಿಟ್ಟ ಮುಚ್ಚಳ. "ಇದಕ್ಕೆ ಉಸಿರು ಕಟ್ಟೋದಿಲ್ಲ, ಅಜ್ಜಿ," ಅಂದಳು. ಅಜ್ಜಿ ಹೊಸಿಲಲ್ಲೇ ನಿಂತರು. ನೀರು ಕುದಿದು ಮುಚ್ಚಳದ ಸುತ್ತ ಆವಿ ಎದ್ದಾಗ ಒಂದು ಹೆಜ್ಜೆ ಒಳಗೆ ಬಂದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಹಿಟ್ಟು ಇತ್ತ ಕೊಡು," ಅಂದರು. ಮೊದಲು ಮಾಡಿದ್ದೇ ಮೂಗಿನದು.

ಈಗ ರಾಮಕೃಷ್ಣನಗರದಲ್ಲಿ ನಾನಿರುವ ರಸ್ತೆಯಲ್ಲೇ ಎರಡು ಮೋಮೋ ಗಾಡಿಗಳಿವೆ. ಅಜ್ಜಿ ಇಲ್ಲ. ಡೋಲ್ಮಾ ಅಕ್ಕ ಯಾವ ಊರಲ್ಲಿದ್ದಾಳೋ ತಿಳಿಯದು. ಕುಕ್ಕರ್ ಮುಚ್ಚುವ ಮೊದಲು ಮುಚ್ಚಳದ ತೂತನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ನನಗೆ ಉಳಿದಿದೆ. ಮೂಗಿರುವ ಮೋಮೋ ಎಲ್ಲೂ ಸಿಗುವುದಿಲ್ಲ.

ಡೋಲ್ಮಾ ಅಕ್ಕ ಪಾತ್ರೆ ತಂದ ಆ ಭಾನುವಾರ ಇರುಳು ನಾನು ಒಮ್ಮೆಯೂ ಬೆಚ್ಚಿ ಏಳಲಿಲ್ಲ. ಮರುದಿನ ಕಣ್ಣುಬಿಟ್ಟಾಗ ಸೊಪ್ಪಿನವಳು ಆಗಲೇ ಬೀದಿಯಲ್ಲಿ ಕೂಗುತ್ತಿದ್ದಳು. ಪಕ್ಕದಲ್ಲಿ ಅಜ್ಜಿಯ ಹಾಸಿಗೆ ಖಾಲಿ. ಅಡುಗೆಮನೆಗೆ ಓಡಿದೆ. ಅಜ್ಜಿ ಒಲೆಯ ಮುಂದೆ ನಿಂತು ಕಾಫಿಗೆ ಹಾಲು ಕಾಯಿಸುತ್ತಿದ್ದರು.

"ನಂಗೂ ಈಗ್ಲೇ ಎಚ್ರ ಆಗಿದ್ದು ಕಣೇ," ಅಂದರು, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ.